ಅಳುಮೋರೆ ಹುಲಿ

ಒಂಬತ್ತನೇ ತಾರೀಖು, ಭಾನುವಾರ

ಮಗಳ ಅಮ್ಮನಿಗೆ,

ನಾನು ಆರಾಮಾಗಿದ್ದೇನೆ. ಎಡ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಕೆಮ್ಮು ಹೇಗಿದೆ? ನಿನ್ನ ವಿಳಾಸ ಕೊಟ್ಟವಳು ಮಗಳು, ಅವಳನ್ನು ಬೈಯಬೇಡ. ಯಾಕಪ್ಪಾ ಈಗ ಎಂದು ಕೇಳಿದಳು. ಒಂದು ಕಾಗದ ಹಾಕಬೇಕು ಎಂದೆ. ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು 'ಹೂಂ' ಎನ್ನುತ್ತೀ. ಆ ಹೂಂ ಕಿವಿಗೆ ಬಿದ್ದ ಕೂಡಲೇ ನಾನು ಹೇಳಬೇಕಾದ್ದನ್ನು ನುಂಗಿಕೊಂಡು, ಅಲ್ಲಿ ಸೆಕೆ ಹೇಗಿದೆ ಎಂದು ಕೇಳಲು ಶುರು ಮಾಡುತ್ತೇನೆ. ಕಾಗದವಾದರೆ ಹೂಂ ಅನ್ನುವುದಿಲ್ಲ.

ನಾನು ಈಗಿರುವುದು ಒಂದು ಲಾಂಡ್ರಿಯ ಮೇಲಿನ ಕೋಣೆಯಲ್ಲಿ. ಬೆಳಗ್ಗೆ ಕೆಳಗೆ ಇಸ್ತ್ರಿ ಶುರುವಾದರೆ ಇಲ್ಲಿ ನೆಲ ಬೆಚ್ಚಗಾಗುತ್ತದೆ. ಕೆಲಸ ಅದೇ, ಪ್ಲೈವುಡ್ ಅಂಗಡಿಯಲ್ಲಿ. ಗಿರಾಕಿ ಅಳತೆ ಹೇಳುತ್ತಾನೆ, ನಾನು ಕೊಯ್ದು ಕೊಡುತ್ತೇನೆ. ಇಡೀ ದಿನದಲ್ಲಿ ನಾನು ಆಡುವ ಮಾತು ಹೆಚ್ಚೂಕಡಿಮೆ ಅಂಕೆಗಳೇ. ಮೂರೂವರೆ ಅಡಿ, ಹದಿನೆಂಟು ಅಂಗುಲ, ಇನ್ನೊಂದು ಸಲ ಹೇಳಿ. ಸಂಜೆ ಬಂದು ಬೇಯುವುದನ್ನು ಒಂದು ಪಾತ್ರೆಯಲ್ಲಿ ಬೇಯಿಸಿ, ಆ ಪಾತ್ರೆಯಲ್ಲೇ ಉಣ್ಣುತ್ತೇನೆ. ತಟ್ಟೆ ತೊಳೆಯುವ ಕೆಲಸ ಉಳಿಯಿತು ಎಂದು ಮಗಳ ಹತ್ತಿರ ತಮಾಷೆ ಮಾಡಿದ್ದೆ. ಅವಳು ನಗಲಿಲ್ಲ.

ಈ ಕೋಣೆಯ ಗೋಡೆಗಳ ತುಂಬ ಸ್ಕೇಟ್‌ಬೋರ್ಡುಗಳಿವೆ. ಒಟ್ಟು ಅರವತ್ತಮೂರು, ಹನ್ನೊಂದನ್ನು ಮಾತ್ರ ಸದ್ಯ ಹೊರಗೆ ಕೊಟ್ಟಿದ್ದೇನೆ. ಅಷ್ಟೂ ಹಳೆಯವು, ಅಷ್ಟೂ ನಕಲಿ, ಅಷ್ಟೂ ಕೆಟ್ಟವು. ಅಸಲಿ ಕಂಪನಿಯದ್ದು ಒಂದೂ ಇಲ್ಲ, ಸಿಕ್ಕರೂ ತರುವುದಿಲ್ಲ. ಕರೆಂಟಿನ ಮೀಟರ್ ಓದಲು ಬರುವವನು ಮೊದಲ ಸಲ ಬಾಗಿಲಲ್ಲೇ ನಿಂತು, ಇದರಲ್ಲಿ ಒಂದನ್ನಾದರೂ ಓಡಿಸುತ್ತೀರಾ ಎಂದು ಕೇಳಿದ. ಓಡಿಸಿದರೆ ನನ್ನ ಮೂಳೆಗಳನ್ನು ನೀನೇ ಆರಿಸಿಕೊಂಡು ಹೋಗಬೇಕಾಗುತ್ತದೆ ಎಂದೆ. ನನ್ನ ಮನೆಗೆ ತಪ್ಪದೆ ಬರುವ ನೆಂಟ ಅವನೊಬ್ಬನೇ. ಅವನೂ ಮೀಟರಿನ ಕಡೆಯ ನೆಂಟ.

ನಿನಗೆ ನಗು ಬರಬಹುದು. ಬೋರ್ಡು ಮಾಡುತ್ತಿದ್ದ ನಮ್ಮ ಷೆಡ್ಡಿನ ಧೂಳು ಮೈಗೆ ಅಂಟಿದರೆ ಎರಡು ಸಲ ಸ್ನಾನ ಮಾಡುತ್ತಿದ್ದವನು, ಈಗ ಆ ಜಾತಿಯ ಹಲಗೆಗಳನ್ನೇ ತಲೆದೆಸೆಯಲ್ಲಿ ತೂಗುಹಾಕಿಕೊಂಡು ಮಲಗುತ್ತಾನೆ. ಒಂದೊಂದರ ಕಥೆಯೂ ಒಂದೊಂದು. ಕಿಟಕಿಯ ಪಕ್ಕದ್ದಕ್ಕೆ ಬೇರಿಂಗ್ ಇದ್ದಂತೆ ಕಾಣುತ್ತದೆ, ಬಿಚ್ಚಿ ನೋಡಿದರೆ ಒಳಗೆ ಗುಂಡುಗಳೇ ಇಲ್ಲ, ಬರೀ ಗ್ರೀಸು. ಇನ್ನೊಂದು ಮರವೇ ಅಲ್ಲ. ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಒತ್ತಿ, ಮೇಲೆ ಮರದ ಗೆರೆಯಿರುವ ಕಾಗದ ಹಚ್ಚಿದ್ದಾರೆ. ನೀರು ಬಿದ್ದ ಕಡೆ ಬನ್ನಿನಂತೆ ಉಬ್ಬಿದೆ. ಒಂದರಲ್ಲಿ ಕಂಪನಿಯ ಹೆಸರು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿದೆ, ಯಾರೋ ಸ್ಕ್ರೀನನ್ನು ಮಗುಚಿಟ್ಟು ಇಡೀ ಲೋಡು ಅಚ್ಚು ಹಾಕಿಬಿಟ್ಟಿದ್ದಾರೆ. ಬಾಗಿಲ ಹಿಂದಿರುವುದಕ್ಕೆ ಚಕ್ರದ ಕಬ್ಬಿಣವನ್ನು ಹಿಂದುಮುಂದಾಗಿ ಕೂರಿಸಿದ್ದಾರೆ. ಎಡಕ್ಕೆ ವಾಲಿದರೆ ಬಲಕ್ಕೆ ಹೋಗುತ್ತದೆ. ನಮ್ಮ ಸಂಸಾರದ ಹಾಗೆ ಎಂದು ಬರೆಯಲು ಹೊರಟು ಬಿಟ್ಟೆ. ಬಿಟ್ಟೆ ಎಂದು ಬರೆದೂ ಬಿಟ್ಟೆ.

ಒಂದು ಮಾತು ಹೇಳುತ್ತೇನೆ, ಇದು ನನಗೆ ತೀರ ತಡವಾಗಿ ಹೊಳೆದದ್ದು. ಈ ಹಲಗೆಗಳನ್ನು ಮಾಡಿದವನಿಗೆ ಇವು ಮೋಸ ಎಂದು ಗೊತ್ತಿತ್ತು, ಮಾರಿದವನಿಗೂ ಗೊತ್ತಿತ್ತು. ಆಡಿದವರಿಗೆ ಗೊತ್ತಿರಲಿಲ್ಲ. ಹಿಂದಿನ ತುದಿ ಅರ್ಧ ಅಂಗುಲ ಸವೆದುಹೋಗುವವರೆಗೂ ಆಡಿದ್ದಾರೆ. ಮುರಿದದ್ದಕ್ಕೆ ಮೊಳೆ ಹೊಡೆದು, ತಂತಿ ಸುತ್ತಿ, ಮತ್ತೆ ಆಡಿದ್ದಾರೆ. ಹಲಗೆಯ ಹೊಟ್ಟೆಯ ಮೇಲೆ ಕಾಂಪಾಸಿನ ಮೊನೆಯಲ್ಲಿ ತಮ್ಮ ಹೆಸರು ಕೆತ್ತಿ, ಮುಟ್ಟಿದರೆ ಜೋಕೆ ಎಂದು ಬರೆದಿದ್ದಾರೆ. ಹಲಗೆ ಸುಳ್ಳಾದರೂ ಸವೆತ ಸುಳ್ಳಲ್ಲ. ಅಂಗಡಿಯಿಂದ ಬಂದ ಮೇಲೆ ಎಷ್ಟೋ ಹೊತ್ತು ನಾನು ಈ ಸವೆತಗಳ ಮೇಲೆ ಬೆರಳಾಡಿಸುತ್ತಾ ಕೂರುತ್ತೇನೆ. ನನ್ನ ವಯಸ್ಸಿನವನು ಮಾಡುವ ಕೆಲಸವಲ್ಲ, ಗೊತ್ತು.

ಇದು ಶುರುವಾದದ್ದು ಏಳು ವರ್ಷದ ಹಿಂದೆ. ಬಸ್ ಡಿಪೋದ ಹಿಂದೆ ಒಂದು ಗುಜರಿ ಅಂಗಡಿಯಿದೆ. ಮರ ಹೆರೆಯುವ ಒಂದು ಹಳೇ ರಂದಾ ಸಿಗುತ್ತದೇನೋ ಎಂದು ಹೋಗಿದ್ದೆ. ಮುರುಕು ಫ್ಯಾನು, ಕುಂಟು ಕುರ್ಚಿಗಳ ರಾಶಿಯ ಕೆಳಗಿನಿಂದ ಒಂದು ಕಣ್ಣು ನನ್ನನ್ನು ನೋಡಿತು. ಉತ್ಪ್ರೇಕ್ಷೆಯಲ್ಲ, ನೋಡಿತು. ಕುರ್ಚಿಗಳನ್ನು ಸರಿಸಿ ಎಳೆದೆ. ನೀನು ಬರೆದ ಹುಲಿ. ಅರ್ಧ ಮೈಯ ಬಣ್ಣ ಉದುರಿತ್ತು, ಬಾಲ ಪೂರ್ತಿ ಹೋಗಿತ್ತು. ಮುಖ ಮಾತ್ರ ನಿನ್ನೆ ಬರೆದ ಹಾಗಿತ್ತು.

ಅವತ್ತು ಅದನ್ನು ಮನೆಗೆ ತಂದದ್ದು ಪ್ರೀತಿಯಿಂದ ಎಂದು ಬರೆದರೆ ನಿನಗೆ ಸಂತೋಷವಾಗಬಹುದು. ಆದರೆ ನಾನು ತಂದದ್ದು ಬಚ್ಚಿಡಲು. ಪೇಪರಿನಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದೆ. ನಾವು ಮಾಡಿದ್ದು ಆರುನೂರು. ನಕಲಿ ಹಿಡಿಯಲು ಬಂದ ಅಧಿಕಾರಿಗಳು ಕೊಂಡುಹೋದದ್ದು ಇನ್ನೂರು ಚಿಲ್ಲರೆ. ಉಳಿದವು ಎಲ್ಲೋ ಇವೆ, ಯಾರ ಕಣ್ಣಿಗೋ ಬೀಳುತ್ತಿವೆ ಎಂಬ ಯೋಚನೆ ಹೊಕ್ಕಿತು. ಊರಿನ ಗುಜರಿ ಅಂಗಡಿ, ಹಳೇ ಸಾಮಾನಿನ ಸಂತೆ ಎಲ್ಲ ಸುತ್ತತೊಡಗಿದೆ. ಹುಲಿಯದ್ದೇ ಬೇಕು ಎಂದರೆ ಅನುಮಾನ ಬಂದೀತೆಂದು, ಹಳೇ ನಕಲಿ ಬೋರ್ಡು ಯಾವುದಿದ್ದರೂ ಕೊಡಿ ಎನ್ನುತ್ತಿದ್ದೆ. ಹೀಗೆ ಒಂದು ಕಳ್ಳತನ ಮುಚ್ಚಲು ಕೊಂಡದ್ದು ಅರವತ್ತಮೂರಾಯಿತು. ಅದರಲ್ಲಿ ಹುಲಿಗಳು ಹನ್ನೊಂದು. ಆ ಗುಜರಿಯವನಂತೂ ಒಳ್ಳೆಯದನ್ನು ಬೇರೆಯವರಿಗೆ ಎತ್ತಿಟ್ಟು, ಕೆಟ್ಟದ್ದು ಬಂದರೆ ನನಗೆ ಹೇಳಿ ಕಳಿಸುತ್ತಾನೆ. ಮೇಸ್ತ್ರಿಗಳೇ, ನಿಮ್ಮ ಯೋಗ್ಯತೆಗೆ ತಕ್ಕ ಮಾಲು ಬಂದಿದೆ ಎನ್ನುತ್ತಾನೆ. ಅವನು ನಗಿಸಲು ಹೇಳುವುದು. ನಾನೂ ನಗುತ್ತೇನೆ.

ನಿಮ್ಮಂಥ ಹುಚ್ಚರು ಇನ್ನೂ ಇದ್ದಾರೆ ಎಂದು ಹೇಳಿದವನೂ ಅವನೇ. ಒಂದು ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ತಿಂಗಳ ಮೊದಲ ಭಾನುವಾರ ಎಂಟೊಂಬತ್ತು ಜನ ಸೇರುತ್ತಾರೆ. ಎಲ್ಲರೂ ನಕಲಿ ಬೋರ್ಡುಗಳನ್ನು ಕೂಡಿಸುವವರೇ. ಅವರಿಗೆ ಮುಖ್ಯಸ್ಥ ಎಂದರೆ ಒಬ್ಬ ಗಡ್ಡದವನು, ನಲವತ್ತರ ಆಸುಪಾಸು, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಹಲಗೆಯನ್ನು ಬೆಳಕಿಗೆ ಹಿಡಿದು, ಗೆಣ್ಣಿನಿಂದ ತಟ್ಟಿ, ಏಳು ಪದರ ಇರಬೇಕಾದಲ್ಲಿ ಐದೇ ಇವೆ, ನಡುವೆ ಗಾಳಿ ಇದೆ ಎಂದು ಹೇಳಿಬಿಡುತ್ತಾನೆ. ಇನ್ನೊಬ್ಬರು ಬಟ್ಟೆ ಆಲ್ಟರೇಷನ್ ಅಂಗಡಿಯ ಟೈಲರಮ್ಮ. ಅವರು ಕೂಡಿಸುವುದು ಅಕ್ಷರ ತಪ್ಪಿರುವವನ್ನು ಮಾತ್ರ. ಒಬ್ಬೊಬ್ಬರೂ ಒಂದು ಹಲಗೆ ತಂದು ಮೇಜಿನ ಮೇಲಿಟ್ಟು, ಎಲ್ಲಿ ಸಿಕ್ಕಿತು, ಏನು ತಪ್ಪಿದೆ ಎಂದು ಹೇಳಬೇಕು. ಆಮೇಲೆ ಪೇಪರ್ ಲೋಟದಲ್ಲಿ ಚಹಾ. ಎರಡು ವರ್ಷ ನಾನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಬಂದಿದ್ದೇನೆ. ಹಲಗೆಗಿಂತ ಹೆಚ್ಚಾಗಿ ಆ ಎರಡು ಗಂಟೆಗಾಗಿ ಹೋಗುತ್ತಿದ್ದೆ. ಮೊದಲ ಸಲ ಯಾರೋ, ಮೇಸ್ತ್ರಿಗಳಿಗೆ ಸಕ್ಕರೆ ಕಡಿಮೆ ಎಂದು ನೆನಪಿಟ್ಟುಕೊಂಡು ಹೇಳಿದಾಗ ನಾನು ಎದ್ದು ಹೊರಗೆ ಹೋಗಿ ಸೈಕಲ್ಲುಗಳನ್ನು ನೋಡುತ್ತಾ ನಿಂತೆ. ಸಕ್ಕರೆಯ ವಿಷಯಕ್ಕೆ ಎದ್ದು ಹೊರಗೆ ಹೋಗುವ ಸ್ಥಿತಿಗೆ ಬಂದಿದ್ದೇನೆ ಎಂದು ಅವತ್ತು ತಿಳಿಯಿತು.

ನಾನು ಹುಲಿಯನ್ನು ಅಲ್ಲಿಗೆ ಒಯ್ಯಲಿಲ್ಲ. ಆದರೆ ಅದು ನನಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಗಡ್ಡದವನ ಹತ್ತಿರ ಮೂರಿವೆ. ಅವರೆಲ್ಲ ಅದಕ್ಕೆ ಅಳುಮೋರೆ ಹುಲಿ ಎಂದು ಹೆಸರಿಟ್ಟಿದ್ದಾರೆ. ಅವರ ಲೋಕದಲ್ಲಿ ಅದಕ್ಕಿಂತ ದೊಡ್ಡ ಮಾಲಿಲ್ಲ. ಅಸಲಿ ಬೋರ್ಡಿನ ಹುಲಿ ಬಾಯ್ತೆರೆದು ಮೇಲೆರಗುತ್ತದೆ, ನಿನಗೆ ನೆನಪಿರಬಹುದು. ನಿನ್ನ ಹುಲಿಯೂ ಬಾಯ್ತೆರೆದಿದೆ, ಹಾರುತ್ತಿದೆ, ಉಗುರು ಚಾಚಿದೆ. ಆದರೆ ಕಣ್ಣಿನ ಕೆಳಗೆ ಭಾರವಾಗಿ ಇಳಿದ ಆ ಗೆರೆಗಳಿಂದ, ಅದು ಯಾರನ್ನೋ ಕೂಗಿ ಕರೆಯುತ್ತಿರುವಂತೆ ಕಾಣುತ್ತದೆ. ಬರೆದವನು ಹುಲಿಯನ್ನೇ ನೋಡಿರಲಿಲ್ಲ ಎಂದು ಒಬ್ಬರು ವಾದಿಸಿದರು. ಕಪ್ಪು ಬಣ್ಣ ನೀರಾಗಿ ಸೋರಿದೆ ಎಂದು ಇನ್ನೊಬ್ಬರು. ಟೈಲರಮ್ಮ ಮಾತ್ರ, ಇದು ಕೈತಪ್ಪಲ್ಲ, ಬರೆದವರಿಗೆ ಆ ವಾರ ಏನೋ ಆಗಿತ್ತು ಎಂದರು. ನಾನು ಚಹಾದ ಲೋಟದೊಳಗೆ ನೋಡುತ್ತಾ ಕೂತೆ.

ಹೋದ ತಿಂಗಳು ಲೈಬ್ರರಿಯ ಕೆಳಗಿನ ಹಾಲಿನಲ್ಲಿ ಈ ಬೋರ್ಡುಗಳ ಪ್ರದರ್ಶನ ಇಡುವುದೆಂದು ತೀರ್ಮಾನವಾಯಿತು. ಅದರ ತಯಾರಿಯ ದಿನ ಗಡ್ಡದವನು ಹುಲಿಯನ್ನು ಮಗುಚಿ, ಚಕ್ರ ಕೂರಿಸುವ ಎಂಟು ತೂತುಗಳನ್ನು ಎಲ್ಲರಿಗೂ ತೋರಿಸುತ್ತಿದ್ದ. ನೋಡಿ, ಇದರಲ್ಲೊಂದು ನೂಲಿನಷ್ಟು ಪಕ್ಕಕ್ಕೆ ಸರಿದಿದೆ, ನಾನು ನೋಡಿದ ಎಲ್ಲ ಹುಲಿಗಳಲ್ಲೂ ಹೀಗೇ ಇದೆ, ಯಾವುದು ಹೇಳಿ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ನೇರ ಹೋಗಿ ಆ ತೂತಿನ ಮೇಲೇ ಹೆಬ್ಬೆರಳಿಟ್ಟೆ. ಇಪ್ಪತ್ತಾರು ವರ್ಷದ ಹಿಂದೆ ತೂತುಗಳ ಜಾಗ ಗುರುತಿಸಲು ಆ ತಪ್ಪು ಅಳತೆಯ ತಗಡನ್ನು ಕೊಯ್ದವನು ನಾನೇ ಅಲ್ಲವೇ, ಕೈಗೆ ದಾರಿ ಗೊತ್ತಿತ್ತು.

ಗಡ್ಡದವನು ನನ್ನ ಬೆರಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಮೇಸ್ತ್ರಿ, ಇದನ್ನ ಮಾಡಿದ್ದು ನೀವಾ?"

ಹೌದು ಎಂದೆ. ಒಂಬತ್ತು ಜನರೂ ತಿರುಗಿದರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಕಳೆದುಹೋದ ನೆಂಟ ಸಿಕ್ಕಿದ ಹಾಗೆ ನೋಡಿದರು. ಯಾರೋ ಎದ್ದು ನನಗೆ ಬೆನ್ನಿರುವ ಕುರ್ಚಿ ಕೊಟ್ಟರು. ಅಷ್ಟು ಕಣ್ಣು ಒಟ್ಟಿಗೆ ನನ್ನ ಮುಖದ ಮೇಲೆ ಬಿದ್ದು ಎಷ್ಟು ವರ್ಷವಾಗಿತ್ತೋ. ಆಗ ಅವನು, ಮತ್ತೆ ಚಿತ್ರ ಎಂದು ಕೇಳಿದ.

"ಅದೂ ನಾನೇ" ಎಂದೆ.

ಇದನ್ನು ಬರೆದು ಪೆನ್ನು ಕೆಳಗಿಟ್ಟು ಒಂದು ಸುತ್ತು ಹೊರಗೆ ಹೋಗಿ ಬಂದೆ. ಇನ್ನು ಹಳೆಯದನ್ನು ಹೇಳದೆ ಮುಂದೆ ಹೋಗಲಾಗುವುದಿಲ್ಲ.

ನೀನು ಯಾಕೆ ಮನೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ನಾನು ಹೇಳುತ್ತಾ ಬಂದದ್ದು, ಷೆಡ್ಡಿನ ಅಂಟಿನ ವಾಸನೆ ಅವಳಿಗೆ ಆಗುವುದಿಲ್ಲ, ಕೆಮ್ಮು ಎಂದು. ಷೆಡ್ಡು ಮುಚ್ಚಿ ಹತ್ತು ವರ್ಷವಾದ ಮೇಲೆ ನೀನು ಹೋದದ್ದು. ಆ ಲೆಕ್ಕ ಯಾರೂ ಕೇಳಲಿಲ್ಲ. ಕೇಳದವರಿಗೆ ನಾನೇಕೆ ಹೇಳಲಿ ಎಂದು ಸುಮ್ಮನಿದ್ದೆ.

ನಿನ್ನ ತಾಯಿ ತೀರಿಕೊಂಡು ಐದನೇ ದಿನ ನೀನು ವಾಪಸು ಬಂದಿದ್ದೆ. ಕೈಚೀಲ ಇನ್ನೂ ಬಾಗಿಲ ಹತ್ತಿರವೇ ಇತ್ತು. ನಾನು ಅಸಲಿ ಬೋರ್ಡನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಹಾಳೆಯಿಟ್ಟು, ಶುಕ್ರವಾರದೊಳಗೆ ಇದರ ಪಡಿಯಚ್ಚು ಬೇಕು, ಮಾಲು ಕೇಳಿದವನು ತಲೆ ಮೇಲೆ ಕೂತಿದ್ದಾನೆ ಎಂದೆ. ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುವಾಗ ಬೇರೆಯವರ ಚಿತ್ರ ಕದಿಯಬೇಡಿ ಅಂತ ಮಕ್ಕಳಿಗೆ ನಾನೇ ಹೇಳುತ್ತೇನೆ ಎಂದು ನೀನು ಒಂದೇ ಸಲ ಹೇಳಿದೆ. ಇದೊಂದು ಲೋಡು, ಆಮೇಲೆ ಕೇಳುವುದಿಲ್ಲ ಎಂದೆ ನಾನು. ಎರಡು ದಿನ ಆ ಮೇಜಿನಿಂದ ನೀನು ಏಳಲಿಲ್ಲ. ಹತ್ತು ವರ್ಷದ ಮಗಳು ನಿನ್ನ ಪಕ್ಕದಲ್ಲಿ ಕೂತು ಪೆನ್ಸಿಲ್ ಚೂಪು ಮಾಡಿಕೊಡುತ್ತಿದ್ದಳು. ಹುಲಿ ಯಾಕೆ ಅಳುತ್ತಿದೆ ಎಂದು ಆ ಒಂಬತ್ತು ಜನ ಎರಡು ವರ್ಷ ಚರ್ಚೆ ಮಾಡಿದರಲ್ಲ, ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಚಿತ್ರ ಕೈಗೆ ಕೊಟ್ಟಾಗಲೇ ಕಂಡಿತ್ತು. ಪರವಾಗಿಲ್ಲ, ಓಡುತ್ತೆ ಎಂದೆ. ನಿನ್ನ ತಾಯಿ ಸತ್ತ ವಾರ ನಾನು ನಿನಗೆ ಹೇಳಿದ ಸಮಾಧಾನದ ಮಾತು ಅದೊಂದೇ.

ಎಂಟು ತಿಂಗಳಾದ ಮೇಲೆ ಅಧಿಕಾರಿಗಳು ಬಂದರು. ಷೆಡ್ಡಿನಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕಿಸಿ, ಯಾರು ಏನೇನು ಮಾಡಿದ್ದು ಹೇಳಿ ಎಂದರು. ನಾನು ಮರ ಒತ್ತುವವನು ಸಾರ್, ಚಿತ್ರದ ವಿಷಯ ನನಗೆ ಗೊತ್ತಿಲ್ಲ, ಅದೆಲ್ಲ ನನ್ನ ಹೆಂಡತಿಯದ್ದು ಎಂದೆ. ಅವರು ಬರೆದುಕೊಂಡರು. ನಿನ್ನ ಹೆಸರಿನ ಕಾಗುಣಿತ ಕೇಳಿದರು. ಅದನ್ನೂ ನಾನೇ ಹೇಳಿದೆ. ಕದ್ದದ್ದು ಚಿತ್ರ ತಾನೇ, ಮರ ಯಾರದ್ದಾದರೂ ಮರವೇ ಎಂದು ನನ್ನ ಬುದ್ಧಿ ಓಡಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮಾಡಿದ್ದು. ಗೂಬೆಯನ್ನು ನಿನ್ನ ತಲೆಯ ಮೇಲೆ ಕೂರಿಸಿ ಕೈ ತೊಳೆದುಕೊಂಡೆ.

ನಿನ್ನನ್ನು ಅವರ ಆಫೀಸಿಗೆ ಕರೆಸಿದರು. ಉದ್ದನೆಯ ಹಸಿರು ಬೆಂಚು, ಅದರ ಆ ತುದಿಗೆ ನೀನು, ಈ ತುದಿಗೆ ನಾನು. ಅಧಿಕಾರಿ ಬಾಗಿಲಲ್ಲಿ ನಿಂತು ಹುಲಿಯ ಹಲಗೆ ತೋರಿಸಿ, ಈ ಚಿತ್ರ ನಿಮ್ಮ ಕೈಯದ್ದೇ ಎಂದ.

"ಹೌದು, ನಾನೇ ಬರೆದದ್ದು" ಎಂದೆ ನೀನು. ಅಷ್ಟೇ. ಯಾರು ಬರೆಸಿದ್ದು ಎಂದು ಅವನು ಕೇಳಲಿಲ್ಲ, ನೀನು ಹೇಳಲಿಲ್ಲ. ನಾನು ಹೇಳುತ್ತೇನೇನೋ ಎಂದು ಒಂದು ಗಳಿಗೆ ಕಾದೆ ನೀನು. ಅದು ನನಗೆ ಗೊತ್ತಾಯಿತು. ನಾನು ನನ್ನ ಚಪ್ಪಲಿಯ ಕಿತ್ತುಹೋದ ಹೊಲಿಗೆಯನ್ನು ನೋಡುತ್ತಾ ಕೂತೆ.

ಅವರು ಎಚ್ಚರಿಕೆ ಕೊಟ್ಟು ಬಿಟ್ಟರು. ಶಾಲೆಯವರು ಬಿಡಲಿಲ್ಲ. ನಾಳೆಯಿಂದ ಬರಬೇಡಿ ಎಂದದ್ದು ನನಗೆ ತಿಳಿದದ್ದು ಒಂದು ವಾರದ ಮೇಲೆ, ಅದೂ ಮಗಳಿಂದ. ನೀನು ಕೂಗಾಡಿದ್ದರೆ ನಾನು ಏನಾದರೂ ಒಂದು ಸಬೂಬು ಹೇಳುತ್ತಿದ್ದೆ, ಹೇಳಿ ಹೇಳಿ ಕೊನೆಗೆ ಸೋತು ತಪ್ಪಾಯಿತು ಎಂದೂ ಅನ್ನುತ್ತಿದ್ದೆನೇನೋ. ನೀನು ಕೂಗಾಡಲಿಲ್ಲ. ಹತ್ತು ವರ್ಷ ಊಟಕ್ಕೆ ಬಡಿಸಿದೆ, ಬಟ್ಟೆ ಮಡಿಸಿದೆ, ಮಗಳ ಓದು ಮುಗಿಸಿದೆ, ಎರಡು ಚೀಲ ತೆಗೆದುಕೊಂಡು ಹೊರಟೆ. ಆ ಹತ್ತು ವರ್ಷದಲ್ಲಿ ನೀನು ಒಂದು ಗೆರೆ ಎಳೆದದ್ದನ್ನೂ ನಾನು ನೋಡಲಿಲ್ಲ. ಈಗಲೂ ಅಮ್ಮ ಪೆನ್ಸಿಲ್ ಮುಟ್ಟುವುದಿಲ್ಲ, ಕನ್ನಡಕದ ಅಂಗಡಿಯಲ್ಲಿ ಬಿಲ್ಲು ಬರೆಯುವುದಕ್ಕೆ ಬಿಟ್ಟರೆ ಎಂದು ಮಗಳು ಹೋದ ವರ್ಷ ಹೇಳಿದಳು. ಅವಳು ಅದನ್ನು ಹೇಳಿದ ರೀತಿಯಲ್ಲಿ, ನಿಮಗೆ ಇದು ಗೊತ್ತಿರಲಿ ಎಂಬುದೂ ಇತ್ತು.

ಅಂದರೆ ಲೆಕ್ಕ ಹೀಗಾಯಿತು. ಬೈಗುಳ ಬಂದಾಗ ಚಿತ್ರ ನಿನ್ನದು ಎಂದೆ. ಹೊಗಳಿಕೆ ಬಂದಾಗ ನನ್ನದು ಎಂದೆ.

ಎರಡನೇ ತಾರೀಖು ಪ್ರದರ್ಶನ ಶುರುವಾಯಿತು. ನಡುಗೋಡೆಯ ಮೇಲೆ ಹುಲಿಗಳು, ಗಡ್ಡದವನ ಮೂರು, ನನ್ನ ಹನ್ನೊಂದು. ಅದರ ಕೆಳಗೆ ಒಂದು ಚೀಟಿ, ಮರ ಮತ್ತು ಚಿತ್ರ ಮೇಸ್ತ್ರಿಯವರದ್ದು ಎಂದು ಅಚ್ಚು ಹಾಕಿಸಿದ್ದರು. ನನ್ನನ್ನು ಮುಂದೆ ಕೂರಿಸಿ ಕೈಗೆ ಮೈಕು ಕೊಟ್ಟರು. ಯಾರೋ ಒಂದು ಬಿಳಿ ಹಾಳೆ ತಂದು, ಒಂದು ಸಣ್ಣ ಹುಲಿ ಬರೆದು ಕೊಡಿ ಎಂದರು. ಕೈ ನಡುಗುತ್ತದೆ, ಈಗ ಆಗುವುದಿಲ್ಲ ಎಂದೆ. ನನ್ನ ಕೈ ನಡುಗುವುದಿಲ್ಲ, ಈ ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ. ಆ ಹಾಳೆ ಕೈಯಲ್ಲಿ ಹಿಡಿದು ಕೂತಾಗ ಇನ್ನು ಸಾಕು ಅನ್ನಿಸಿತು. ಎದ್ದು ನಿಂತು ಎಲ್ಲರ ಮುಂದೆ ಹೇಳಿದೆ. ಈ ಹುಲಿ ನನ್ನದಲ್ಲ, ನನ್ನ ಹೆಂಡತಿ ಬರೆದದ್ದು, ಅವಳಿಂದ ಬರೆಸಿದ್ದು ನಾನು, ಸಿಕ್ಕಿಬಿದ್ದಾಗ ಅವಳನ್ನು ಮುಂದೆ ತಳ್ಳಿದ್ದೂ ನಾನು ಎಂದೆ. ಆಮೇಲೆ ಟೈಲರಮ್ಮ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಆ ಚಪ್ಪಾಳೆ ನಿನಗೆ. ಗಡ್ಡದವನು ಬಂದು ನನ್ನ ಕೈ ಹಿಡಿದ. ಈಗ ಅಲ್ಲಿ ನಿನ್ನ ಹೆಸರಿದೆ.

ಒಮ್ಮೆ ಬಂದು ನೋಡು. ಬಸ್ಸಿನಿಂದ ಇಳಿದರೆ ಲೈಬ್ರರಿ ಎದುರಿಗೇ ಕಾಣುತ್ತದೆ. ಕ್ಷಮಿಸು ಎಂದು ಕೇಳಲು ಈ ಕಾಗದ ಬರೆಯಲಿಲ್ಲ. ಕೇಳಿದರೆ ನೀನು ಹೂಂ ಎಂದುಬಿಡುತ್ತೀ. ಆ ಹೂಂ ನನಗೆ ಬೇಡ.

ಇಂತು,
ನಿನ್ನ ಮಗಳ ಅಪ್ಪ

ತಾ.ಕ. ಇವತ್ತು ಇಪ್ಪತ್ತಮೂರು. ಈ ಕಾಗದ ಹದಿನಾಲ್ಕು ದಿನ ನನ್ನ ಅಂಗಿಯ ಜೇಬಿನಲ್ಲಿತ್ತು. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಎರಡನೇ ತಾರೀಖು ನಾನು ಎದ್ದು ನಿಲ್ಲಲಿಲ್ಲ. ಕೈ ನಡುಗುತ್ತದೆ ಎಂದದ್ದು ನಿಜ, ಆಮೇಲೆ ಬಿಳಿ ಹಾಳೆಯನ್ನು ವಾಪಸು ಕೊಟ್ಟು, ಬಿಸ್ಕತ್ತು ತಿಂದು, ಮನೆಗೆ ಬಂದೆ. ಚಪ್ಪಾಳೆ ತಟ್ಟಿದ್ದರು, ನನಗೇ. ಕಾಗದದಲ್ಲಾದರೂ ಒಮ್ಮೆ ಗಂಡಸಾಗಿ ನಿಂತುಬಿಡೋಣ ಎಂದು ಹಾಗೆ ಬರೆದೆ. ಬರೆದ ಮೇಲೆ ಅಂಚೆಗೆ ಹಾಕಲಾಗಲಿಲ್ಲ. ನೀನು ನಿಜವಾಗಿ ಬಂದರೆ ಆ ಚೀಟಿಯಲ್ಲಿ ನನ್ನ ಹೆಸರು ನೋಡುತ್ತಿದ್ದೆಯಲ್ಲ.

ಇವತ್ತು ಮಧ್ಯಾಹ್ನ ಹೋಗಿ ಎಲ್ಲ ಹೇಳಿದೆ, ಅಧಿಕಾರಿಗಳ ಮುಂದೆ ನಿನ್ನ ಹೆಸರು ಬರೆಸಿದ್ದನ್ನೂ. ಹಾಲಿನಲ್ಲಿ ಗಡ್ಡದವನು, ಟೈಲರಮ್ಮ ಇಬ್ಬರೇ ಇದ್ದರು. ಚಪ್ಪಾಳೆಯಿಲ್ಲ, ಏನಿಲ್ಲ. ಗಡ್ಡದವನು, ಮೂರು ವಾರದಿಂದ ಬಂದವರಿಗೆಲ್ಲ ನಿಮ್ಮ ಬಗ್ಗೆ ಹೇಳಿದ್ದೇನೆ ಮೇಸ್ತ್ರಿ ಎಂದ. ಆಮೇಲೆ ಹೋಗಿ ಉಗುರಿನಿಂದ ಚೀಟಿಯನ್ನು ಕಿತ್ತ. ನನ್ನ ಕೈ ಹಿಡಿಯಲಿಲ್ಲ. ಅಲ್ಲಿ ನನ್ನ ಹೆಂಡತಿಯ ಹೆಸರು ಹಾಕಿ ಎಂದು ನಾನೇ ಕೇಳಿಕೊಂಡೆ. ಆಗ ಟೈಲರಮ್ಮ ಮಾತಾಡಿದರು.

"ಅವರನ್ನ ಕೇಳಿದೀರಾ?"

ಇಲ್ಲ ಎಂದೆ.

"ಕೇಳದೆ ಒಂದ್ಸಲ ಅವರ ಹೆಸರು ಬರೆಸಿ ಆಗಿದೆಯಲ್ಲ ಮೇಸ್ತ್ರಿ."

ಮೇಲಿನ ಪುಟ ಹರಿದು ಹೊಸದಾಗಿ ಬರೆಯಬಹುದಿತ್ತು. ಬರೆದರೆ ಮತ್ತೆ ನಾನು ಸ್ವಲ್ಪ ಒಳ್ಳೆಯವನಾಗಿ ಕಾಣುತ್ತೇನೆ. ಹಾಗೇ ಇರಲಿ. ಅಂಚೆಪೆಟ್ಟಿಗೆ ಲಾಂಡ್ರಿಯ ಎದುರಿಗೇ ಇದೆ, ಇದನ್ನು ಮಡಿಸಿದ ಕೂಡಲೇ ಇಳಿದು ಹೋಗಿ ಹಾಕುತ್ತೇನೆ.

ಪ್ರದರ್ಶನ ಮುಂದಿನ ತಿಂಗಳ ಕೊನೆಯವರೆಗೂ ಇರುತ್ತದೆ. ಹುಲಿಗಳ ಕೆಳಗೆ ಈಗ ಏನೂ ಬರೆದಿಲ್ಲ. ಬರೆಯಬೇಕೋ ಬೇಡವೋ ನೀನು ಹೇಳಬೇಕು, ನನಗಲ್ಲ, ಅವರಿಗೇ ಹೇಳಿದರೆ ಸಾಕು. ನಾನು ಅಲ್ಲಿಗೆ ಹೋಗುವುದು ಭಾನುವಾರ ಮಾತ್ರ. ಬೇರೆ ಯಾವ ದಿನ ಬಂದರೂ ನಾನು ಇರುವುದಿಲ್ಲ.